ಊಟದ ಪಟ್ಟಿ ಹೇಳಿದ ಕಡಲ ಕಥೆ

ದೂರದೂರಿಗೆ ಹೋಗಿ ಬಂದವರ ಪೆಟ್ಟಿಗೆಯಲ್ಲಿ ಬಟ್ಟೆಬರೆಯ ಜೊತೆಗೆ ನೆನಪಿನ ವಸ್ತುವೊಂದು ಇದ್ದೇ ಇರುತ್ತದೆ. ಒಬ್ಬರು ಶಂಖ ತಂದರೆ ಇನ್ನೊಬ್ಬರು ಚಿತ್ರದ ಕಾರ್ಡು ತರುತ್ತಾರೆ. ದೊಡ್ಡ ಹೋಟೆಲುಗಳಲ್ಲಿ ಇಳಿದುಕೊಂಡವರಂತೂ ಹೋಟೆಲಿನ ಹೆಸರು ಅಚ್ಚಾದ ಬೆಂಕಿಪೆಟ್ಟಿಗೆ, ಕಾಗದ, ಲಕೋಟೆ, ಕೋಣೆಯ ಬೀಗದ ಕೈಗೆ ಕಟ್ಟಿದ ಹಿತ್ತಾಳೆ ಬಿಲ್ಲೆ ಹೀಗೆ ಏನನ್ನಾದರೂ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಹಡಗು ಮತ್ತು ರೈಲುಗಳ ಕಾಲದಲ್ಲಿ ಹೋಟೆಲಿನ ಆಳುಗಳೇ ಪ್ರಯಾಣಿಕರ ಪೆಟ್ಟಿಗೆಗಳ ಮೇಲೆ ಬಣ್ಣಬಣ್ಣದ ಚೀಟಿ ಅಂಟಿಸಿ ಕಳುಹಿಸುತ್ತಿದ್ದರು. ಪೆಟ್ಟಿಗೆಯ ಮೇಲೆ ಚೀಟಿಗಳು ಹೆಚ್ಚಿದಷ್ಟೂ ಅದರ ಒಡೆಯನ ಗತ್ತು ಹೆಚ್ಚುತ್ತಿತ್ತು. ಇಂಥ ಚೀಟಿ, ಚಮಚ, ತಟ್ಟೆ, ಬಿಲ್ಲೆಗಳನ್ನು ಹುಡುಕಿ ಸಂಗ್ರಹಿಸುವ ಹವ್ಯಾಸಿಗಳು ಇಂದು ಜಗತ್ತಿನಾದ್ಯಂತ ಇದ್ದಾರೆ.

ಈ ವಸ್ತುಗಳಲ್ಲಿ ಅತ್ಯಂತ ಬಡಪಾಯಿ ಎಂದರೆ ಮೆನು ಕಾರ್ಡು, ಅಂದರೆ ಊಟದ ಪಟ್ಟಿ. ಬೆಳ್ಳಿಯ ಚಮಚಕ್ಕೆ ಲೋಹದ ಬೆಲೆಯಾದರೂ ಇದೆ, ಪಿಂಗಾಣಿ ತಟ್ಟೆಯಲ್ಲಿ ಇನ್ನೂ ಊಟ ಮಾಡಬಹುದು. ನಿನ್ನೆಯ ಊಟದ ಪಟ್ಟಿಯಿಂದ ಇಂದು ಯಾರಿಗೆ ಏನು ಉಪಯೋಗ? ಅದು ಕಸದ ಬುಟ್ಟಿಗೆ ಹೋಗುವ ಕಾಗದವೆಂದೇ ಎಲ್ಲರೂ ಹೇಳುತ್ತಾರೆ. ಆದರೆ 2013ರಲ್ಲಿ ಅಮೆರಿಕದ ಮೂವರು ವಿಜ್ಞಾನಿಗಳು ಇಂಥ ಹಳೆಯ ಊಟದ ಪಟ್ಟಿಗಳನ್ನೇ ಸಾಲಾಗಿ ಜೋಡಿಸಿ, ಒಂದು ಸಮುದ್ರಕ್ಕೆ ಏನಾಯಿತೆಂಬುದನ್ನು ಓದಿ ತೋರಿಸಿದರು. ಸರಕಾರದ ಕಡತಗಳಲ್ಲಿ ಇಲ್ಲದಿದ್ದ ಲೆಕ್ಕ ಪ್ರವಾಸಿಗರ ಪೆಟ್ಟಿಗೆಗಳ ತಳದಲ್ಲಿ ಸಿಕ್ಕಿತು!

ಕಡಲ ದಂಡೆಯ ಗುಲಾಬಿ ಅರಮನೆ

ಈ ಕಥೆ ನಡೆದದ್ದು ಹವಾಯಿ ದ್ವೀಪಗಳಲ್ಲಿ. ಭೂಪಟ ತೆಗೆದು ನೋಡಿ. ಪೆಸಿಫಿಕ್ ಮಹಾಸಾಗರದ ನಡುವೆ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಸುಮಾರು 3,800 ಕಿಲೋಮೀಟರ್ ದೂರದಲ್ಲಿ ಒಂದಿಷ್ಟು ಚುಕ್ಕೆಗಳು ಕಾಣುತ್ತವೆ. ಅವೆಲ್ಲ ಸಮುದ್ರದ ತಳದಿಂದ ಎದ್ದ ಜ್ವಾಲಾಮುಖಿಗಳ ತುದಿಗಳು. ದ್ವೀಪಗಳ ಅಂಚಿನಲ್ಲಿ ಹವಳದ ದಿಬ್ಬಗಳಿದ್ದು, ಆ ದಿಬ್ಬಗಳ ಸಂದುಗೊಂದುಗಳಲ್ಲಿ ನೂರಾರು ಬಗೆಯ ಮೀನುಗಳು ವಾಸಿಸುತ್ತವೆ.

ಇಲ್ಲಿನ ಹೊನೊಲುಲು ನಗರದ ವೈಕಿಕಿ ಎಂಬ ಕಡಲ ದಂಡೆಯಲ್ಲಿ 1901ರಲ್ಲಿ ಮೊಆನಾ ಎಂಬ ದೊಡ್ಡ ಹೋಟೆಲು ತೆರೆಯಿತು. 1927ರ ಫೆಬ್ರುವರಿ 1ರಂದು ಅದರ ಹತ್ತಿರದಲ್ಲೇ ರಾಯಲ್ ಹವಾಯಿಯನ್ ಹೋಟೆಲಿನ ಪ್ರಾರಂಭೋತ್ಸವವಾಯಿತು. ಕಟ್ಟಿಸಿದ್ದು ಮ್ಯಾಟ್ಸನ್ ಎಂಬ ಹಡಗು ಕಂಪೆನಿ. ಸುಮಾರು 40 ಲಕ್ಷ ಡಾಲರು ಖರ್ಚು ಮಾಡಿ, 400 ಕೋಣೆಗಳ ಕಟ್ಟಡ ಕಟ್ಟಿ, ಅದಕ್ಕೆ ಗುಲಾಬಿ ಬಣ್ಣ ಬಳಿದರು. ಇಂದಿಗೂ ಅದನ್ನು ‘ಪೆಸಿಫಿಕ್‌ನ ಗುಲಾಬಿ ಅರಮನೆ’ ಎಂದೇ ಕರೆಯುವುದು ವಾಡಿಕೆ.

ಹಡಗು ಕಂಪೆನಿಗೆ ಹೋಟೆಲಿನ ಗೊಡವೆ ಏಕೆ ಎಂದು ಕೇಳಬಹುದು. ಅದರ ಲೆಕ್ಕಾಚಾರ ಸರಳವಾದದ್ದು. ಇಳಿದುಕೊಳ್ಳಲು ಒಳ್ಳೆಯ ಜಾಗವಿದ್ದರೆ ತಾನೇ ಸಿರಿವಂತರು ಅಷ್ಟು ದೂರ ಹಡಗಿನಲ್ಲಿ ಬರುವುದು? ನಾಲ್ಕೈದು ದಿನ ಕಂಪೆನಿಯ ಹಡಗಿನಲ್ಲಿ ಪ್ರಯಾಣ, ಬಳಿಕ ಅದೇ ಕಂಪೆನಿಯ ಹೋಟೆಲಿನಲ್ಲಿ ವಾಸ. ಹಡಗಿನಲ್ಲೂ ಹೋಟೆಲಿನಲ್ಲೂ ಊಟದ ಮೇಜಿನ ಮೇಲೆ ಅಂದವಾದ ಮೆನು ಕಾರ್ಡು. ಕಂಪೆನಿ ಅದನ್ನು ಬರಿಯ ಪಟ್ಟಿಯೆಂದು ಎಣಿಸಲಿಲ್ಲ. ಹೆಸರಾಂತ ಕಲಾವಿದರಿಂದ ಚಿತ್ರ ಬರೆಸಿ ಹೊದಿಕೆಯ ಮೇಲೆ ಅಚ್ಚು ಹಾಕಿಸಿತು. ಯೂಜೀನ್ ಸ್ಯಾವೇಜ್ ಎಂಬ ಕಲಾವಿದ ಕಂಪೆನಿಗಾಗಿ ಹವಾಯಿಯ ಜನಜೀವನದ ಆರು ದೊಡ್ಡ ಚಿತ್ರಗಳನ್ನು ಬರೆದುಕೊಟ್ಟಿದ್ದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅವು ಕಂಪೆನಿಯ ಹಡಗಿನ ಮೆನು ಕಾರ್ಡುಗಳ ಹೊದಿಕೆಯಾದವು. ಅಂಥ ಕಾರ್ಡನ್ನು ಎಸೆಯಲು ಯಾರಿಗೆ ಮನಸ್ಸು ಬಂದೀತು? ಜನ ಅದನ್ನು ಮನೆಗೆ ಒಯ್ದರು, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಇಂದು ಅವು ಸಂಗ್ರಾಹಕರ ಕಣ್ಮಣಿಗಳು.

ಎಲ್ಲರೂ ಮೆಚ್ಚಿದ್ದು ಹೊದಿಕೆಯ ಚಿತ್ರವನ್ನು. ಒಳಗೆ ಅಚ್ಚಾಗಿದ್ದ ಮೀನಿನ ಹೆಸರುಗಳತ್ತ ಯಾರೂ ಗಮನ ಕೊಡಲಿಲ್ಲ.

ನಲವತ್ತೈದು ವರ್ಷಗಳ ಖಾಲಿ ಪುಟ

ಒಂದು ಸಮುದ್ರದಲ್ಲಿ ಮೀನು ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ ಎಂದು ತಿಳಿಯುವುದು ಹೇಗೆ? ಕಾಡಿನ ಮರಗಳನ್ನು ಎಣಿಸಬಹುದು. ನೀರೊಳಗಿನ ಮೀನನ್ನು ಹಾಗೆ ಎಣಿಸಲಾಗದು. ಆದ್ದರಿಂದ ಬಂದರಿಗೆ ಪ್ರತಿವರ್ಷ ಯಾವ ಜಾತಿಯ ಮೀನು ಎಷ್ಟು ಬಂದಿತೆಂಬ ಲೆಕ್ಕವನ್ನು ಸರಕಾರಗಳು ಬರೆದಿಡುತ್ತವೆ. ಹತ್ತಾರು ವರ್ಷಗಳ ಲೆಕ್ಕವನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಏರಿಳಿತ ಗೊತ್ತಾಗುತ್ತದೆ.

ಹವಾಯಿ 1898ರಲ್ಲಿ ಅಮೆರಿಕದ ಆಡಳಿತಕ್ಕೆ ಸೇರಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿನ ಮೀನು ಪೇಟೆಗಳ ಸಮೀಕ್ಷೆಯೂ ನಡೆಯಿತು. ಆದರೆ ಆಮೇಲೆ ಸುಮಾರು 45 ವರ್ಷಗಳ ಕಾಲ ಅಧಿಕೃತ ಲೆಕ್ಕವೇ ಇಲ್ಲ. ಪುಸ್ತಕದ ಮೊದಲ ಅಧ್ಯಾಯವಿದೆ, ಕೊನೆಯ ಅಧ್ಯಾಯಗಳಿವೆ, ನಡುವಿನ ಹಾಳೆಗಳು ಖಾಲಿ. ಈ ಖಾಲಿ ಕಾಲದಲ್ಲೇ ದ್ವೀಪದ ಬದುಕು ಬುಡಮೇಲಾದದ್ದು. ವೈಕಿಕಿಯ ಜೌಗು ಪ್ರದೇಶವನ್ನು ಒಣಗಿಸಲು 1921ರಿಂದ 1928ರವರೆಗೆ ಅಲಾ ವೈ ಎಂಬ ಕಾಲುವೆ ತೋಡಿದರು. ಗದ್ದೆಗಳೂ ಹವಾಯಿಯ ಜನ ತಲೆತಲಾಂತರದಿಂದ ಮೀನು ಸಾಕುತ್ತಿದ್ದ ಕೊಳಗಳೂ ಮುಚ್ಚಿಹೋದವು. ಹೋಟೆಲುಗಳು ಎದ್ದವು, ಜನಸಂಖ್ಯೆ ಬೆಳೆಯಿತು, ಯುದ್ಧ ಬಂದು ಹೋಯಿತು. ಆಗ ನೀರೊಳಗೆ ಏನಾಯಿತು?

ಕೈಲ್ ವ್ಯಾನ್ ಹೌಟನ್, ಲೊರೆನ್ ಮೆಕ್ಲೆನಹನ್, ಜ್ಯಾಕ್ ಕಿಟಿಂಗರ್ ಎಂಬ ಮೂವರು ವಿಜ್ಞಾನಿಗಳನ್ನು ಕಾಡಿದ ಪ್ರಶ್ನೆ ಇದೇ. ಅವರು ಹಳೆಯ ಮೆನು ಕಾರ್ಡುಗಳ ಬೆನ್ನು ಹತ್ತಿದರು. ಬಹುಪಾಲು ಕಾರ್ಡುಗಳು ದೊರೆತದ್ದು ಖಾಸಗಿ ಸಂಗ್ರಾಹಕರ ಬಳಿ. ಅವುಗಳ ಮೇಲೆ ತಾರೀಖು ಅಚ್ಚಾಗಿತ್ತು. ಚಂದವಾಗಿದ್ದವೆಂಬ ಒಂದೇ ಕಾರಣಕ್ಕೆ ಜನ ಅವನ್ನು ಉಳಿಸಿಕೊಂಡಿದ್ದರು. ಹೀಗೆ ಹವಾಯಿಯ 154 ಭೋಜನಶಾಲೆಗಳ 376 ಮೆನು ಕಾರ್ಡುಗಳು ಒಟ್ಟಾದವು. ಹೆಚ್ಚಿನವು 1928ರಿಂದ 1974ರ ನಡುವಿನವು.

ಎಣಿಸಿದ್ದು ಹೇಗೆ?

ವಿಧಾನ ಏಳನೆಯ ತರಗತಿಯ ಗಣಿತದಷ್ಟು ಸುಲಭ. ಒಂದು ಉದಾಹರಣೆ ಊಹಿಸಿಕೊಳ್ಳಿ. ಒಂದು ದಶಕದ 20 ಕಾರ್ಡುಗಳು ನಿಮ್ಮ ಮುಂದಿವೆ. ಅವುಗಳಲ್ಲಿ 15ರಲ್ಲಿ ಒಂದು ಜಾತಿಯ ಮೀನಿನ ಹೆಸರಿದೆ. ಹಾಗಾದರೆ ಆ ಮೀನು ಶೇಕಡಾ 75ರಷ್ಟು ಕಾರ್ಡುಗಳಲ್ಲಿ ಇದೆ ಎಂದಾಯಿತು. ಮುಂದಿನ ದಶಕದ 20 ಕಾರ್ಡುಗಳಲ್ಲಿ ಅದು ಐದರಲ್ಲಿ ಮಾತ್ರ ಕಂಡರೆ ಶೇಕಡಾ 25. ಇಷ್ಟೇ. ಪ್ರತಿ ಜಾತಿಗೂ ಹೀಗೆ ಲೆಕ್ಕ ಹಾಕಿ, ವರ್ಷಗಳ ಅನುಕ್ರಮದಲ್ಲಿ ಚುಕ್ಕೆಯಿಟ್ಟು ಗೆರೆ ಎಳೆದರೆ ಚಿತ್ರ ತಾನಾಗಿ ಮೂಡುತ್ತದೆ.

ಹವಾಯಿಯ ಕಾರ್ಡುಗಳಿಂದ ಮೂಡಿದ ಚಿತ್ರ ಹೀಗಿತ್ತು. 1940ಕ್ಕೆ ಮೊದಲು ಹವಳದ ದಿಬ್ಬದ ಮೀನುಗಳು, ಉಲುವಾದಂಥ ದಂಡೆಯ ಬೇಟೆಗಾರ ಮೀನುಗಳು ಮತ್ತು ಕಡಲ ತಳದ ಮೀನುಗಳು ಕಾರ್ಡುಗಳಲ್ಲಿ ಸರ್ವೇಸಾಮಾನ್ಯ. ಮುಂದಿನ ಎರಡು ದಶಕಗಳಲ್ಲಿ ಅವು ಒಂದೊಂದಾಗಿ ಮರೆಯಾಗುತ್ತ ಬಂದವು. ಹವಾಯಿ ಅಮೆರಿಕದ ಪೂರ್ಣ ರಾಜ್ಯವಾದ 1959ರ ವೇಳೆಗೆ ಈ ಮೀನುಗಳೆಲ್ಲ ಸೇರಿ ಶೇಕಡಾ ಹತ್ತಕ್ಕಿಂತ ಕಡಿಮೆ ಕಾರ್ಡುಗಳಲ್ಲಿ ಉಳಿದಿದ್ದವು. ಅವುಗಳ ಜಾಗಕ್ಕೆ ಬಂದದ್ದು ಟ್ಯೂನಾ, ಕತ್ತಿಮೀನು ಮೊದಲಾದ ದೊಡ್ಡ ಮೀನುಗಳು. ಇವು ದಂಡೆಯಿಂದ ಬಹುದೂರ, ತೆರೆದ ಕಡಲಿನಲ್ಲಿ ಈಜುವಂಥವು. 1970ರ ಹೊತ್ತಿಗೆ ಶೇಕಡಾ 95ರಷ್ಟು ಕಾರ್ಡುಗಳಲ್ಲಿ ಇವುಗಳದೇ ಹೆಸರು. ದಂಡೆಯ ಮೀನುಗಳು ಪಟ್ಟಿಯಿಂದ ಬಹುತೇಕ ಅಳಿಸಿಹೋಗಿದ್ದವು.

ಅತಿಥಿಯ ತಟ್ಟೆ ಮಾತ್ರ ಎಂದೂ ಖಾಲಿಯಾಗಿರಲಿಲ್ಲ ಎಂಬುದನ್ನು ಗಮನಿಸಿ. ಊಟದ ಮೇಜಿನಲ್ಲಿ ಕುಳಿತವನಿಗೆ ಯಾವ ಕೊರತೆಯೂ ಕಾಣಲಿಲ್ಲ. ಕಿಟಕಿಯಾಚೆ ಅದೇ ನೀಲಿ ಕಡಲು. ಹತ್ತಿರದ ಮೀನು ಮುಗಿಯುತ್ತ ಬಂದಂತೆ ದೋಣಿಗಳು ದೂರದೂರಕ್ಕೆ ಹೋದವು. ಅದು ಗೊತ್ತಾಗುವುದು ಕಾರ್ಡುಗಳನ್ನು ಸಾಲಾಗಿ ಇಟ್ಟಾಗ ಮಾತ್ರ.

‘ಇರಬಹುದು, ಆದರೆ...’

ಚುರುಕಾದ ವಿದ್ಯಾರ್ಥಿ ಇಲ್ಲಿ ಕೈ ಎತ್ತಬೇಕು. ಮೆನು ಕಾರ್ಡಿನಲ್ಲಿ ಮೀನಿನ ಹೆಸರು ಇಲ್ಲವಾದ ಮಾತ್ರಕ್ಕೆ ಕಡಲಿನಲ್ಲೂ ಮೀನು ಇಲ್ಲವಾಯಿತೇ? ಜನರ ರುಚಿ ಬದಲಾಗಿರಬಾರದೇಕೆ? ಹೊರಗಿನಿಂದ ಬಂದ ಪ್ರವಾಸಿಗರು ತಮಗೆ ಗೊತ್ತಿರುವ ಮೀನನ್ನೇ ಕೇಳಿರಬಹುದಲ್ಲ? ಶೀತಲಪೆಟ್ಟಿಗೆ ಬಂದ ಮೇಲೆ ದೂರದ ಮೀನು ತರಿಸುವುದು ಸುಲಭವಾಯಿತಲ್ಲ?

ಇವು ಒಳ್ಳೆಯ ಪ್ರಶ್ನೆಗಳು. ಒಂದೇ ಸಾಕ್ಷಿಯ ಮಾತು ಕೇಳಿ ತೀರ್ಪು ಕೊಡುವುದು ನ್ಯಾಯಾಲಯದಲ್ಲೂ ಸಲ್ಲದು, ವಿಜ್ಞಾನದಲ್ಲೂ ಸಲ್ಲದು. ಆದ್ದರಿಂದ ಮೂವರು ವಿಜ್ಞಾನಿಗಳು ಕಾರ್ಡುಗಳ ಲೆಕ್ಕವನ್ನು ಶತಮಾನದ ಆದಿಯ ಪೇಟೆ ಸಮೀಕ್ಷೆಗಳೊಂದಿಗೂ ಅನಂತರದ ಸರಕಾರಿ ಅಂಕಿಅಂಶಗಳೊಂದಿಗೂ ಹೋಲಿಸಿದರು. ಮೊದಲ ಅಧ್ಯಾಯಕ್ಕೂ ಕೊನೆಯ ಅಧ್ಯಾಯಕ್ಕೂ ಕಾರ್ಡುಗಳ ಕಥೆ ಹೊಂದಿಕೊಂಡಿತು. ಪಟ್ಟಿಯಿಂದ ದಿಬ್ಬದ ಮೀನುಗಳು ಮರೆಯಾದದ್ದಕ್ಕೆ ಜನರ ರುಚಿಗಿಂತ ಕಡಲಿನಲ್ಲಿ ಅವು ಕಡಿಮೆಯಾದದ್ದೇ ಕಾರಣವಾಗಿರುವ ಸಂಭವ ಹೆಚ್ಚು ಎಂಬ ತೀರ್ಮಾನಕ್ಕೆ ಅವರು ಬಂದರು. ‘ಸಂಭವ ಹೆಚ್ಚು’ ಎಂಬ ಮಾತನ್ನು ಗುರುತು ಹಾಕಿಕೊಳ್ಳಿ. ಸಾಕ್ಷಿ ಎಷ್ಟು ದೂರ ಕರೆದೊಯ್ಯುತ್ತದೋ ಅಷ್ಟೇ ದೂರ ಹೋಗಿ ನಿಲ್ಲುವುದು ವಿಜ್ಞಾನದ ಶಿಸ್ತು.

ಇದಕ್ಕೆ ಪೂರಕವಾದ ಇನ್ನೊಂದು ಸಾಕ್ಷಿಯೂ ಉಂಟು. ಹವಾಯಿ ದ್ವೀಪಮಾಲೆಯ ವಾಯವ್ಯ ಭಾಗದ ಪುಟ್ಟ ದ್ವೀಪಗಳಲ್ಲಿ ಹೋಟೆಲೂ ಇಲ್ಲ, ಪೇಟೆಯೂ ಇಲ್ಲ. ಜನರು ಹೆಚ್ಚಾಗಿ ಮೀನು ಹಿಡಿಯದ ಆ ದಿಬ್ಬಗಳನ್ನೂ ಜನವಸತಿಯ ಮುಖ್ಯ ದ್ವೀಪಗಳ ದಿಬ್ಬಗಳನ್ನೂ ಹೋಲಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ವಾಯವ್ಯ ದ್ವೀಪಗಳಲ್ಲಿ ಮೀನುಗಳ ಒಟ್ಟು ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಶಾರ್ಕ್, ಉಲುವಾದಂಥ ದೊಡ್ಡ ಬೇಟೆಗಾರ ಮೀನುಗಳದು. ಮುಖ್ಯ ದ್ವೀಪಗಳಲ್ಲಿ ಆ ಪಾಲು ಶೇಕಡಾ ಮೂರಕ್ಕೂ ಕಡಿಮೆ. ಹವಳದ ದಿಬ್ಬ ಮೊದಲು ಹೇಗಿದ್ದಿರಬಹುದು ಎಂಬುದಕ್ಕೆ ಆ ನಿರ್ಜನ ದ್ವೀಪಗಳು ಕನ್ನಡಿ ಹಿಡಿದಂತಿವೆ. 2006ರಲ್ಲಿ ಅಮೆರಿಕ ಸರಕಾರ ಅವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು.

ಜಾರುವ ಅಳತೆಗೋಲು

ಇಷ್ಟು ದೊಡ್ಡ ಬದಲಾವಣೆ ನಡೆಯುತ್ತಿದ್ದರೂ ಅಲ್ಲಿನವರಿಗೆ ತಿಳಿಯಲಿಲ್ಲವೇ? ಇದಕ್ಕೆ ಉತ್ತರವನ್ನು ಡೇನಿಯಲ್ ಪೌಲಿ ಎಂಬ ಮೀನು ವಿಜ್ಞಾನಿ 1995ರಲ್ಲಿ ಒಂದು ಪುಟ್ಟ ಲೇಖನದಲ್ಲಿ ಕೊಟ್ಟಿದ್ದ. ಪ್ರತಿ ತಲೆಮಾರಿನವರೂ ತಾವು ಚಿಕ್ಕಂದಿನಲ್ಲಿ ಕಂಡ ಕಡಲನ್ನೇ ಸರಿಯಾದ ಕಡಲು ಎಂದು ತಿಳಿಯುತ್ತಾರೆ. ತಾತ ಕಂಡದ್ದು ನೂರು ಮೀನು. ಅಪ್ಪನ ಬಾಲ್ಯಕ್ಕೆ ಅದು ಅರವತ್ತಾಗಿತ್ತು. ಅಪ್ಪನಿಗೆ ಅರವತ್ತೇ ಸರಿಯಾದ ಲೆಕ್ಕ. ಮಗ ಹುಟ್ಟಿದಾಗ ಮೂವತ್ತು. ಅದು ಇಪ್ಪತ್ತೈದಕ್ಕೆ ಇಳಿದರೆ ‘ಐದು ಕಡಿಮೆಯಾಯಿತು’ ಎಂದು ಮಗ ಚಿಂತಿಸುತ್ತಾನೆಯೇ ಹೊರತು ಎಪ್ಪತ್ತೈದು ಹೋಯಿತೆಂದು ಅವನಿಗೆ ಗೊತ್ತೇ ಆಗುವುದಿಲ್ಲ. ಅಳತೆಗೋಲೇ ತಲೆಮಾರಿನಿಂದ ತಲೆಮಾರಿಗೆ ಕೆಳಕ್ಕೆ ಜಾರುತ್ತಿರುತ್ತದೆ.

ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದವರು ಮೇಲೆ ಹೇಳಿದ ಮೂವರಲ್ಲಿ ಒಬ್ಬರಾದ ಲೊರೆನ್ ಮೆಕ್ಲೆನಹನ್. ಅಮೆರಿಕದ ದಕ್ಷಿಣ ತುದಿಯ ಕೀ ವೆಸ್ಟ್ ಎಂಬ ಊರಿನಿಂದ ಪ್ರವಾಸಿಗರು ದೋಣಿಯಲ್ಲಿ ಹೋಗಿ, ಗಾಳ ಹಾಕಿ ಮೀನು ಹಿಡಿದು, ದಡಕ್ಕೆ ಬಂದೊಡನೆ ಮೀನನ್ನು ತೂಗುಹಾಕಿ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದು ಬಹುಕಾಲದ ಪದ್ಧತಿ. 1956ರಿಂದ 2007ರವರೆಗಿನ ಇಂಥ ನೆನಪಿನ ಫೋಟೋಗಳಲ್ಲಿನ ಮೀನುಗಳನ್ನು ಆಕೆ ಅಳೆದರು. ಒಂದು ಮೀನಿನ ಸರಾಸರಿ ತೂಕ 19.9 ಕಿಲೋಗ್ರಾಂನಿಂದ 2.3 ಕಿಲೋಗ್ರಾಂಗೆ ಇಳಿದಿತ್ತು. ಮೊದಲಿನ ಚಿತ್ರಗಳಲ್ಲಿ ಮೀನು ಮನುಷ್ಯನಷ್ಟು ಎತ್ತರ, ಕೊನೆಯ ಚಿತ್ರಗಳಲ್ಲಿ ಮೊಳದುದ್ದವೂ ಇಲ್ಲ. ಆದರೆ ಪಕ್ಕದಲ್ಲಿ ನಿಂತವರ ಮುಖದ ಹೆಮ್ಮೆಯ ನಗು ಮಾತ್ರ ಎಲ್ಲ ಚಿತ್ರಗಳಲ್ಲೂ ಒಂದೇ!

ನೆನಪು ಜಾರುತ್ತದೆ, ತಾರೀಖು ಇರುವ ಕಾಗದ ಜಾರುವುದಿಲ್ಲ. ಮೆನು ಕಾರ್ಡಿನ ನಿಜವಾದ ಬೆಲೆ ಇರುವುದು ಇಲ್ಲಿ. ಹೋಟೆಲಿನ ಗುಮಾಸ್ತ ವಿಜ್ಞಾನಕ್ಕೆಂದು ಅದನ್ನು ಬರೆಯಲಿಲ್ಲ. ಅಂದು ಅಡಿಗೆಮನೆಯಲ್ಲಿ ಏನಿತ್ತೋ ಅದನ್ನು ಬರೆದ. ಸಾಕ್ಷಿ ಹೇಳುವ ಉದ್ದೇಶವೇ ಇಲ್ಲದ ಸಾಕ್ಷಿ ಅದು.

ಅಸಲಿಯೋ ನಕಲಿಯೋ?

ಸಾಕ್ಷಿ ಎಂದ ಮೇಲೆ ಅದು ಅಸಲಿಯಾಗಿರಬೇಕು. ಬೇಡಿಕೆ ಇರುವಲ್ಲಿ ನಕಲು ಹುಟ್ಟುವುದು ಲೋಕರೂಢಿ. ಹೆಸರಾಂತ ಹೋಟೆಲುಗಳ ಚೀಟಿ, ಕಾರ್ಡುಗಳ ಮರುಮುದ್ರಣಗಳು ಬೇಕಾದಷ್ಟಿವೆ. 1930ರದೆಂದು ಹೇಳುವ ಕಾರ್ಡು ನಿಜವಾಗಿಯೂ ಆ ಕಾಲದ್ದೇ ಎಂದು ತಿಳಿಯುವುದು ಹೇಗೆ? ಶಾಲೆಯ ವಿಜ್ಞಾನವೇ ಇಲ್ಲಿ ಸಾಕು.

ಮೊದಲು ಅಕ್ಷರಗಳನ್ನು ಓದಿ. ಹವಾಯಿ ರಾಜ್ಯವಾಗುವ ಮೊದಲು ಅಲ್ಲಿನ ವಿಳಾಸಗಳ ಕೊನೆಯಲ್ಲಿ ‘ಟಿ. ಎಚ್.’ ಎಂದು ಬರೆಯುವ ರೂಢಿಯಿತ್ತು. ‘ಟೆರಿಟರಿ ಆಫ್ ಹವಾಯಿ’ ಎಂಬುದರ ಹ್ರಸ್ವರೂಪ ಅದು. ವಿಳಾಸದಲ್ಲಿ ಅಮೆರಿಕದ ಐದಂಕಿಯ ಜಿಪ್ ಸಂಖ್ಯೆ ಇದ್ದರೆ ಆ ಕಾಗದ 1963ಕ್ಕೆ ಹಿಂದಿನದಾಗಿರಲು ಸಾಧ್ಯವಿಲ್ಲ. ಏಕೆಂದರೆ ಆ ಪದ್ಧತಿ ಜಾರಿಗೆ ಬಂದದ್ದೇ ಆ ವರ್ಷ.

ಎರಡನೆಯದು ಭೂತಗನ್ನಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ಬಣ್ಣದ ಚಿತ್ರವನ್ನು ನೋಡಿ. ಅಚ್ಚುಕೂಟದ ಮುದ್ರಣದಲ್ಲಿ ಬಣ್ಣದ ಚುಕ್ಕೆಗಳು ಕ್ರಮವಾದ ಸಾಲಿನಲ್ಲಿರುತ್ತವೆ, ಇಲ್ಲವೇ ಬಣ್ಣ ಒಂದೇ ಸಮನಾಗಿ ಹರಡಿರುತ್ತದೆ. ಕಂಪ್ಯೂಟರಿಗೆ ಜೋಡಿಸಿದ ಇಂದಿನ ಇಂಕ್‌ಜೆಟ್ ಯಂತ್ರದಿಂದ ಬಂದ ನಕಲಿನಲ್ಲಿ ಸೂಕ್ಷ್ಮ ಹನಿಗಳು ಅಡ್ಡಾದಿಡ್ಡಿಯಾಗಿ ಎರಚಿದಂತೆ ಕಾಣುತ್ತವೆ.

ಮೂರನೆಯದು ಅತಿನೇರಳೆ ದೀಪ. ನೋಟುಗಳನ್ನು ಪರೀಕ್ಷಿಸಲು ಅಂಗಡಿಗಳಲ್ಲಿ ಇಂಥ ಪುಟ್ಟ ದೀಪ ಇರುವುದನ್ನು ನೋಡಿರಬಹುದು. ಕಾಗದ ಬೆಳ್ಳಗೆ ಹೊಳೆಯಲೆಂದು ಅದರ ತಿರುಳಿಗೆ ಒಂದು ಬಗೆಯ ರಾಸಾಯನಿಕ ಬೆರೆಸುವುದು ಸುಮಾರು 1950ರಿಂದ ಈಚಿನ ರೂಢಿ. ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ, ಕಾಣುವ ನೀಲಿ ಬೆಳಕನ್ನು ಹೊರಸೂಸುವುದು ಆ ರಾಸಾಯನಿಕದ ಗುಣ. 1930ರ ಕಾರ್ಡೆಂದು ಮಾರಲು ತಂದದ್ದು ಕತ್ತಲೆಯಲ್ಲಿ ಈ ದೀಪದ ಕೆಳಗೆ ನೀಲಿಯಾಗಿ ಬೆಳಗಿದರೆ ಅನುಮಾನ ಪಡಲೇಬೇಕು. ಬೆಳಗದಿದ್ದರೆ ಅಸಲಿ ಎಂದು ಸಾಬೀತಾಯಿತೇ? ಇಲ್ಲ. ರಾಸಾಯನಿಕ ಬೆರೆಸದ ಕಾಗದ ಇಂದೂ ಸಿಗುತ್ತದೆ. ಈ ಪರೀಕ್ಷೆ ಸುಳ್ಳನ್ನು ಹಿಡಿದುಕೊಡಬಲ್ಲದು, ಸತ್ಯಕ್ಕೆ ಪ್ರಮಾಣಪತ್ರ ಕೊಡಲಾರದು. (ದೀಪವನ್ನು ಕಣ್ಣಿಗೆ ನೇರವಾಗಿ ಹಿಡಿಯಬಾರದು. ಮಕ್ಕಳು ಹಿರಿಯರ ಜೊತೆಗಿದ್ದೇ ಈ ಪರೀಕ್ಷೆ ಮಾಡಬೇಕು.)

ಅಸಲಿ ಕಾರ್ಡು ದೊರೆತರೂ ಅದನ್ನು ಉಳಿಸಿಕೊಳ್ಳುವುದು ಸುಲಭವಲ್ಲ. ಶಾಯಿ ಹರಡದಿರಲೆಂದು ಆ ಕಾಲದ ಕಾಗದಕ್ಕೆ ಪಟಿಕ ಮತ್ತು ಮರದ ರಾಳವನ್ನು ಸೇರಿಸುತ್ತಿದ್ದರು. ಪಟಿಕದಿಂದ ಕಾಗದದಲ್ಲಿ ನಿಧಾನವಾಗಿ ಆಮ್ಲ ಉಂಟಾಗುತ್ತದೆ. ಆಮ್ಲ ಕಾಗದದ ನಾರಿನ ಉದ್ದನೆಯ ಸರಪಳಿಗಳನ್ನು ತುಂಡರಿಸುತ್ತದೆ. ಅಗ್ಗದ ಕಾಗದದಲ್ಲಿರುವ ಲಿಗ್ನಿನ್ ಎಂಬ ವಸ್ತು ಬೆಳಕಿಗೆ ಹಳದಿಯಾಗುತ್ತದೆ. ಹಳೆಯ ಪುಸ್ತಕದ ಹಾಳೆ ಹಪ್ಪಳದಂತೆ ಮುರಿಯುವುದಕ್ಕೆ ಇವೇ ಕಾರಣ. ಆದ್ದರಿಂದ ಹಳೆಯ ಕಾಗದವನ್ನು ಬಿಸಿಲು, ತೇವ, ಹುಳುಗಳಿಂದ ದೂರವಿಡಬೇಕು. ಹರಿದಿದೆಯೆಂದು ಸೆಲೋಟೇಪ್ ಅಂಟಿಸಬಾರದು. ಅದರ ಗೋಂದು ಕಾಗದದೊಳಗೆ ಇಳಿದು ಕಂದು ಕಲೆ ಮಾಡುತ್ತದೆ. ಲ್ಯಾಮಿನೇಶನ್ ಕೂಡ ಬೇಡ. ಒಮ್ಮೆ ಬಿಸಿಯಲ್ಲಿ ಒತ್ತಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗದು.

ಕೇಳಿ ಪಡೆದದ್ದು, ಕೇಳದೆ ಒಯ್ದದ್ದು

ಹೋಟೆಲಿನ ನೆನಪಿನ ವಸ್ತುಗಳ ಮಾತು ಬಂದಾಗ ಒಂದು ಮುಜುಗರದ ಪ್ರಶ್ನೆಯೂ ಏಳುತ್ತದೆ. ಅವೆಲ್ಲ ನ್ಯಾಯವಾಗಿ ಬಂದವುಗಳೇ? ಬೆಂಕಿಪೆಟ್ಟಿಗೆ, ಚೀಟಿಗಳನ್ನು ಹೋಟೆಲಿನವರೇ ಹಂಚುತ್ತಾರೆ. ಚಮಚ, ತಟ್ಟೆ, ಟವೆಲುಗಳನ್ನು ಯಾರೂ ಹಂಚುವುದಿಲ್ಲ. ನ್ಯೂಯಾರ್ಕಿನ ಪ್ರಖ್ಯಾತ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲು 2012ರಲ್ಲಿ ಒಂದು ವಿನೋದದ ಪ್ರಕಟಣೆ ಹೊರಡಿಸಿತು. ದಶಕಗಳ ಹಿಂದೆ ಹೋಟೆಲಿನಿಂದ ವಸ್ತುಗಳನ್ನು ಒಯ್ದವರು ತಂದು ಒಪ್ಪಿಸಿದರೆ ಯಾರೂ ಪ್ರಶ್ನಿಸುವುದಿಲ್ಲ, ಕ್ಷಮೆ ಉಂಟು ಎಂಬುದು ಅದರ ಸಾರ. ತನ್ನದೇ ಇತಿಹಾಸವನ್ನು ಪ್ರದರ್ಶಿಸಲು ಹೋಟೆಲಿಗೆ ತನ್ನದೇ ವಸ್ತುಗಳು ಬೇಕಾಗಿದ್ದವು!

ಇದಕ್ಕೆ ಎದುರಾಗಿ ಇನ್ನೊಂದು ಮಾದರಿಯಿದೆ. ಫ್ರ್ಯಾಂಕ್ ಬಟಾಲ್ಫ್ ಎಂಬ ಮಹಿಳೆ 1900ರಿಂದ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯಕ್ಕಾಗಿ ಮೆನು ಕಾರ್ಡುಗಳನ್ನು ಕೂಡಿಹಾಕತೊಡಗಿದರು. ಹೋಟೆಲುಗಳಿಗೂ ಹಡಗು ಕಂಪೆನಿಗಳಿಗೂ ಪತ್ರ ಬರೆದು ಕೇಳಿ ತರಿಸಿಕೊಂಡರು. ಕಲೆ, ಮಡಿಕೆ ಇಲ್ಲದ ಕಾರ್ಡೇ ಬೇಕೆಂದು ಪಟ್ಟುಹಿಡಿಯುತ್ತಿದ್ದರು. 1924ರಲ್ಲಿ ತೀರಿಕೊಳ್ಳುವ ಹೊತ್ತಿಗೆ 25,000ಕ್ಕೂ ಹೆಚ್ಚು ಕಾರ್ಡುಗಳು ಅವರಿಂದಾಗಿ ಗ್ರಂಥಾಲಯ ಸೇರಿದ್ದವು. ಆಗ ಇದು ವಿಚಿತ್ರ ಗೀಳೆಂದು ಹಲವರಿಗೆ ತೋರಿತು. ಆದರೆ 2011ರಲ್ಲಿ ಗ್ರಂಥಾಲಯ ಈ ಕಾರ್ಡುಗಳ ಚಿತ್ರಗಳನ್ನು ಅಂತರಜಾಲದಲ್ಲಿಟ್ಟು, ಪ್ರತಿ ತಿನಿಸಿನ ಹೆಸರು ಮತ್ತು ಬೆಲೆಯನ್ನು ಬರೆದುಕೊಡುವಂತೆ ಸಾರ್ವಜನಿಕರನ್ನು ಕೇಳಿದಾಗ ಜನ ಉತ್ಸಾಹದಿಂದ ಕೈಜೋಡಿಸಿದರು. ಕೆನಡಾದ ವಿಜ್ಞಾನಿಗಳು ವ್ಯಾಂಕೂವರ್ ನಗರದ 1880ರಿಂದ 2021ರವರೆಗಿನ ಮುನ್ನೂರಕ್ಕೂ ಹೆಚ್ಚು ಕಾರ್ಡುಗಳನ್ನು ಪರಿಶೀಲಿಸಿ, ಬಿಸಿನೀರಿನ ಕಡಲಿಗೆ ಒಗ್ಗಿದ ಮೀನುಗಳು ಈಚಿನ ಪಟ್ಟಿಗಳಲ್ಲಿ ಹೆಚ್ಚಾಗಿರುವುದನ್ನು 2022ರಲ್ಲಿ ತೋರಿಸಿದರು. ಭೂಮಿ ಬಿಸಿಯಾಗುತ್ತಿರುವ ಸುದ್ದಿ ಊಟದ ಮೇಜನ್ನೂ ಮುಟ್ಟಿದೆ ಎಂದಾಯಿತು.

ಕೇಳಿ ಪಡೆದ ಕಾಗದದ ಜೊತೆಗೆ ಅದು ಎಲ್ಲಿಂದ, ಯಾವಾಗ, ಯಾರಿಂದ ಬಂದಿತೆಂಬ ವಿವರವೂ ಬರುತ್ತದೆ. ಕದ್ದ ವಸ್ತುವಿಗೆ ಆ ವಿವರ ಇರುವುದಿಲ್ಲ. ಒಯ್ದವನು ಬಾಯಿ ಬಿಡುವುದಿಲ್ಲವಲ್ಲ! ಹಿನ್ನೆಲೆ ಗೊತ್ತಿಲ್ಲದ ವಸ್ತು ವಿಜ್ಞಾನಕ್ಕೂ ಇತಿಹಾಸಕ್ಕೂ ಅರ್ಧ ಮೂಕ.

ನೀವೂ ಮಾಡಿ ನೋಡಿ

ಈ ವಿಧಾನಕ್ಕೆ ಭಾರೀ ಹೋಟೆಲೇ ಬೇಕೆಂದಿಲ್ಲ. ಮೂರು ಗುಣಗಳಿರುವ ಕಾಗದವಾದರೆ ಸಾಕು: ತಾರೀಖು ಇರಬೇಕು, ವಸ್ತುಗಳ ಹೆಸರು ಇರಬೇಕು, ಒಂದೇ ಬಗೆಯವು ಹಲವು ಇರಬೇಕು. ನಮ್ಮ ಅನೇಕ ಮನೆಗಳ ಅಟ್ಟದಲ್ಲಿ ಅಜ್ಜ ಬರೆದಿಟ್ಟ ಖರ್ಚಿನ ಲೆಕ್ಕದ ಪುಸ್ತಕಗಳು ಇರುವುದುಂಟು. ದಿನಸಿ ಅಂಗಡಿಯ ಚೀಟಿಗಳು, ಮದುವೆಯ ಅಡಿಗೆ ಸಾಮಾನಿನ ಪಟ್ಟಿಗಳೂ ಇರುತ್ತವೆ. ಅವುಗಳಲ್ಲಿ ಹತ್ತು ಹಳೆಯ ಪಟ್ಟಿಗಳನ್ನೂ ಇಂದಿನ ಹತ್ತು ಪಟ್ಟಿಗಳನ್ನೂ ಎದುರು ಬದುರು ಇಡಿ. ನವಣೆ, ಸಾಮೆ, ಹಾರಕ ಎಷ್ಟರಲ್ಲಿವೆ? ಯಾವ ಎಣ್ಣೆ ಎಷ್ಟರಲ್ಲಿದೆ? ಕರಾವಳಿಯ ಮನೆಯಾದರೆ ಬಂಗುಡೆ, ಬೂತಾಯಿಯ ಹೆಸರು ಯಾವ ತಿಂಗಳುಗಳಲ್ಲಿ ಕಾಣುತ್ತದೆ? ಶೇಕಡಾವಾರು ಲೆಕ್ಕ ಹಾಕಿ ಗೆರೆ ಎಳೆಯಿರಿ. ಬಳಿಕ ‘ಇದಕ್ಕೆ ಬೇರೆ ಕಾರಣ ಇರಬಹುದೇ?’ ಎಂದು ನಿಮ್ಮನ್ನೇ ಕೇಳಿಕೊಂಡು, ಮನೆಯ ಹಿರಿಯರನ್ನೂ ಕೇಳಿ.

ತಂದೆತಾಯಿಯರಿಗೂ ಒಂದು ಮಾತು. ಹಬ್ಬಕ್ಕೆ ಮನೆ ಸ್ವಚ್ಛ ಮಾಡುವಾಗ ಹಳೆಯ ಕಾಗದದ ಕಟ್ಟನ್ನು ರದ್ದಿಯವನಿಗೆ ತೂಗಿಕೊಡುವ ಮೊದಲು ಒಮ್ಮೆ ಬಿಚ್ಚಿ ನೋಡಿ. ತಾರೀಖು ಇರುವ ಪಟ್ಟಿಗಳನ್ನು ಮಕ್ಕಳ ಕೈಗೆ ಕೊಡಿ. ರಾಯಲ್ ಹವಾಯಿಯನ್ ಹೋಟೆಲಿನಂಥ ಕಡೆ ಊಟ ಮುಗಿಸಿ ಎದ್ದ ಅತಿಥಿಗಳಲ್ಲಿ ಯಾರೂ ಮೆನು ಕಾರ್ಡನ್ನು ಕಡಲಿನ ಲೆಕ್ಕಪುಸ್ತಕವೆಂದು ಎತ್ತಿಟ್ಟುಕೊಳ್ಳಲಿಲ್ಲ. ಚಂದವಿದೆ, ಇರಲಿ ಎಂದಷ್ಟೇ ಇಟ್ಟುಕೊಂಡರು. ಅವರು ಇಟ್ಟುಕೊಂಡದ್ದರಿಂದಲೇ ಒಂದು ಸಮುದ್ರ ಕಳೆದುಕೊಂಡದ್ದೇನೆಂದು ಇಂದು ಗೊತ್ತಾಗಿದೆ. ಏನು ಕಳೆದಿದೆಯೆಂದು ತಿಳಿದವರು ಮಾತ್ರ ಅದನ್ನು ಮರಳಿ ಪಡೆಯಲು ಯತ್ನಿಸಬಲ್ಲರು.